ಫಿಸಿಯೋ ಹೇಳಿದ ವ್ಯಾಯಾಮ ಮಾಡಿದರೆ ಎರಡು ದಿನ ಹಾಸಿಗೆ ಬಿಟ್ಟು ಏಳಲಾಗುವುದಿಲ್ಲ. ಮನೆಯಲ್ಲಿ ನೀವೆಲ್ಲ ಹೇಗೆ ಮಾಡುತ್ತಿದ್ದೀರಿ?

ಕಾಫಿಹೂವು, ಬಣಕಲ್

ಎಲ್ಲರಿಗೂ ನಮಸ್ಕಾರ. ನನಗೆ 43 ವರ್ಷ. ಐದು ವರ್ಷದಿಂದ ಮೈಯೆಲ್ಲಾ ನೋವು. ಕುತ್ತಿಗೆ, ಭುಜ, ಸೊಂಟ, ಮಂಡಿ, ಒಂದು ದಿನ ಇಲ್ಲಿ, ಒಂದು ದಿನ ಅಲ್ಲಿ. ನೋವಿಗಿಂತ ಸುಸ್ತು ಜಾಸ್ತಿ. ಬೆಳಿಗ್ಗೆ ಏಳುವಾಗಲೇ ರಾತ್ರಿಯಿಡೀ ಗದ್ದೆ ನೆಟ್ಟು ಬಂದ ಹಾಗಿರುತ್ತದೆ. ಎರಡು ವರ್ಷ ಅಲ್ಲಿ ಇಲ್ಲಿ ತೋರಿಸಿದ ಮೇಲೆ ಹಾಸನದಲ್ಲಿ ಒಬ್ಬರು ಡಾಕ್ಟರು ಇದು ಫೈಬ್ರೋಮಯಾಲ್ಜಿಯಾ, ಮೈಯೆಲ್ಲಾ ನೋವು, ಸುಸ್ತು ತರುವ ಕಾಯಿಲೆ ಎಂದರು. ರಾತ್ರಿಗೆ ಒಂದು ಮಾತ್ರೆ ಬರೆದು, ಫಿಸಿಯೋಥೆರಪಿ ಮಾಡಿಸಿ ಅಂದರು.

ಅದಕ್ಕೆ ಚಿಕ್ಕಮಗಳೂರಿಗೆ ಹೋಗಬೇಕು. ಬಸ್ಸಿನಲ್ಲಿ ಹೋಗಿ ಬರುವುದರಲ್ಲೇ ಅರ್ಧ ದಿನ ಮುಗಿಯುತ್ತದೆ. ಹತ್ತು ದಿನ ಹೋದೆ. ಕರೆಂಟ್ ಕೊಟ್ಟರು, ಬಿಸಿ ಕೊಟ್ಟರು. ಹೊರಗೆ ಬರುವಾಗ ಹಗುರ, ಮೂಡಿಗೆರೆ ದಾಟುವಷ್ಟರಲ್ಲಿ ಮತ್ತೆ ಅದೇ. ಕೊನೆಯ ದಿನ ಒಂದು ಹಾಳೆ ಕೊಟ್ಟು ಇನ್ನು ಮನೆಯಲ್ಲೇ ಮಾಡಿ ಎಂದರು. ಎಂಟು ವ್ಯಾಯಾಮ, ಒಂದೊಂದು ಹತ್ತು ಸಲ, ದಿನಕ್ಕೆ ಎರಡು ಹೊತ್ತು.

ಮೈ ಹಗುರ ಇರುವ ದಿನ ಎಂಟೂ ಮಾಡುತ್ತೇನೆ. ಆ ದಿನವೇ ಬಟ್ಟೆ ಒಗೆದು, ಕಣ ಗುಡಿಸಿ, ಬಾಕಿ ಬಿದ್ದ ಕೆಲಸವನ್ನೆಲ್ಲ ಮುಗಿಸುತ್ತೇನೆ. ಮರುದಿನ, ಅದರ ಮರುದಿನ ಮಲಗಿದಲ್ಲೇ. ಮೂರು ತಿಂಗಳಿಂದ ಹೀಗೇ ನಡೆದಿದೆ. ನಮ್ಮ ಮನೆಯವರು ಏನೂ ಅನ್ನುವುದಿಲ್ಲ. ಅತ್ತೆ ಮಾತ್ರ "ನಿನ್ನೆ ಚೆನ್ನಾಗಿದ್ದೆಯಲ್ಲ" ಎನ್ನುತ್ತಾರೆ. ಅವರ ತಪ್ಪಲ್ಲ, ನೋಡುವವರಿಗೆ ಹಾಗೇ ಕಾಣುತ್ತದೆ. ನವೆಂಬರಿಗೆ ಹಣ್ಣು ಕುಯ್ಲು ಶುರು. ಇನ್ನು ಎರಡು ತಿಂಗಳಿದೆ. ಈ ವ್ಯಾಯಾಮ ಬಿಡಲೋ, ಮಾಡಲೋ? ಮಾಡುವುದಾದರೆ ಹೇಗೆ?

ಕಳಸದ ತಂಗಿ

ಅಕ್ಕ, ಇದನ್ನು ನಾನೇ ಬರೆದೆನಾ ಅನ್ನಿಸಿತು. "ನಿನ್ನೆ ಚೆನ್ನಾಗಿದ್ದೆಯಲ್ಲ" ಅನ್ನುವುದು ನೋವಿಗಿಂತ ಜಾಸ್ತಿ ಚುಚ್ಚುತ್ತದೆ. ನನ್ನ ಹತ್ತಿರ ಉತ್ತರ ಇಲ್ಲ, ಓದಲು ಕೂತಿದ್ದೇನೆ.

ಆಲ್ದೂರು ತೋಟ

ತಪ್ಪು ತಿಳಿಯಬೇಡಿ ಅಕ್ಕ. ತೋಟ, ಕೊಟ್ಟಿಗೆ, ಒಲೆ ಅಂತ ದಿನವಿಡೀ ಮೈ ಬಗ್ಗಿಸುವವರಿಗೆ ಮೇಲಿಂದ ವ್ಯಾಯಾಮ ಯಾಕೆ? ಅದು ಕುರ್ಚಿಯಲ್ಲಿ ಕೂತು ಕೆಲಸ ಮಾಡುವವರಿಗೆ. ನಮ್ಮ ಅಜ್ಜಿ ಎಪ್ಪತ್ತು ದಾಟಿದ ಮೇಲೂ ಸೊಪ್ಪಿನ ಹೊರೆ ಹೊತ್ತವರು. ನಿಮಗೆ ಬೇಕಿರುವುದು ವಿಶ್ರಾಂತಿ. ಒಂದು ತಿಂಗಳು ತವರಿಗೆ ಹೋಗಿ ಮಲಗಿ ಬನ್ನಿ.

ಕುಯ್ಲಿನವಳು, ಸಕಲೇಶಪುರ

ಅಣ್ಣ, ನಾನು ಹದಿನೈದು ವರ್ಷದಿಂದ ಕಾಫಿ ಕುಯ್ಯುತ್ತಿದ್ದೇನೆ. ಎಡಗೈಯಲ್ಲಿ ಕೊಂಬೆ ಬಗ್ಗಿಸಿ ಹಿಡಿಯಬೇಕು, ಬಲಗೈಯಲ್ಲಿ ಹಣ್ಣು ಬಿಡಿಸಬೇಕು. ಸೊಂಟಕ್ಕೆ ಕಟ್ಟಿದ ಚೀಲ ತುಂಬಿದ ಹಾಗೆಲ್ಲಾ ಮುಂದಕ್ಕೆ ಜಗ್ಗುತ್ತದೆ. ಸಂಜೆವರೆಗೆ ಅದೇ. ಎಡಭುಜ ಕೆಳಗಿಳಿಸಲು ಪುರುಸೊತ್ತೇ ಸಿಗುವುದಿಲ್ಲ. ಮನೆಗೆ ಬಂದು ಜಡೆ ಹಾಕಿಕೊಳ್ಳಲು ಕೈ ಎತ್ತಲಾಗುವುದಿಲ್ಲ. ಕೆಲಸವೇ ವ್ಯಾಯಾಮ ಆಗಿದ್ದರೆ ತೋಟದ ಕೆಲಸದವರು ಇರುವ ನಮ್ಮ ಲೈನು ಮನೆಗಳಲ್ಲಿ ಯಾರಿಗೂ ನೋವೇ ಇರಬಾರದಿತ್ತು. ನಿಮ್ಮ ಅಜ್ಜಿಯೂ ರಾತ್ರಿ ನರಳಿರಬಹುದು. ಯಾರ ಹತ್ತಿರವೂ ಹೇಳಿಕೊಂಡಿರಲಿಕ್ಕಿಲ್ಲ.

ಆಲ್ದೂರು ತೋಟ

ಅಜ್ಜಿ ಮಲಗುವ ಮೊದಲು ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದುದು ನಿಜ. ನೀವು ಹೇಳಿದ ಮೇಲೆ ನೆನಪಾಯಿತು.

ಹಾಸನ ಫಿಸಿಯೋ

ನಾನು ಹಾಸನದಲ್ಲಿ ಫಿಸಿಯೋಥೆರಪಿಸ್ಟ್. ಹದಿನಾಲ್ಕು ವರ್ಷದಿಂದ ಇದೇ ಕೆಲಸ. ಮೇಡಂ, ನೀವು ಬರೆದದ್ದನ್ನು ವಾರಕ್ಕೆ ಮೂರು ಜನರಾದರೂ ನನ್ನ ಮುಂದೆ ಕೂತು ಹೇಳುತ್ತಾರೆ. ಆ ಹಾಳೆಯ ವ್ಯಾಯಾಮಗಳು ತಪ್ಪಿರಲಾರವು. ಅಳತೆ ನಿಮಗೆ ಹೊಂದಿಲ್ಲ. ಮೈ ಹಗುರ ಇರುವ ದಿನ ಎಷ್ಟಾಗುತ್ತದೋ ಅದನ್ನೇ ಲೆಕ್ಕ ಹಿಡಿದಿದ್ದೀರಿ. ಮೈ ಕೆಟ್ಟ ದಿನದ ಲೆಕ್ಕ ಹಿಡಿಯಿರಿ.

ಹೀಗೆ ಮಾಡಿ. ಮೂರು ದಿನ ಗಡಿಯಾರ ನೋಡಿಕೊಂಡು ನಡೆಯಿರಿ. ಅದರಲ್ಲಿ ಒಂದಾದರೂ ಕೆಟ್ಟ ದಿನ ಇರಲಿ. ನೋವು ಏರಲು ಶುರುವಾಗುವ ಮೊದಲು ಎಷ್ಟು ನಿಮಿಷ ನಡೆದಿರಿ ಅಂತ ಬರೆದಿಡಿ. ಆರು, ಐದು, ನಾಲ್ಕು ಅಂದುಕೊಳ್ಳೋಣ. ಸರಾಸರಿ ಐದು. ಅದರಲ್ಲಿ ಐದನೇ ಒಂದು ಭಾಗ ಕಳೆಯಿರಿ, ನಾಲ್ಕು ಉಳಿಯಿತು. ಇನ್ನು ದಿನಾ ನಾಲ್ಕೇ ನಿಮಿಷ. ಹಗುರ ಇದ್ದರೂ ನಾಲ್ಕೇ. ಕಷ್ಟ ಇರುವುದು ಇಲ್ಲೇ. ಇನ್ನೂ ಆಗುತ್ತದೆ ಅನ್ನಿಸುವಾಗ ನಿಲ್ಲಿಸಬೇಕು. ಒಂದು ವಾರ ಮೈ ಕೆಡದೆ ಕಳೆದರೆ ಅರ್ಧ ನಿಮಿಷ ಸೇರಿಸಿ. ಕೆಟ್ಟರೆ ಸೇರಿಸಬೇಡಿ.

ಎಂಟು ವ್ಯಾಯಾಮದಲ್ಲಿ ಮೂರನ್ನು ಇಟ್ಟುಕೊಳ್ಳಿ. ಒಂದು, ಕುರ್ಚಿಯಿಂದ ಎದ್ದು ಕೂರುವುದು, ನಾಲ್ಕು ಸಲ. ಎರಡು, ಗೋಡೆಗೆ ಮುಖ ಮಾಡಿ ನಿಂತು ಎರಡೂ ಅಂಗೈ ಗೋಡೆಗಿಟ್ಟು ನಿಧಾನ ಮೇಲಕ್ಕೆ ಜಾರಿಸುವುದು, ನಾಲ್ಕು ಸಲ. ಮೂರು, ಅಂಗಾತ ಮಲಗಿ, ಮಂಡಿ ಮಡಚಿ, ಹೊಟ್ಟೆಯ ಮೇಲೆ ಕೈಯಿಟ್ಟು ಉಸಿರಾಡುವುದು. ಉಸಿರು ಎಳೆದಾಗ ಕೈ ಏಳಬೇಕು, ಭುಜ ಏಳಬಾರದು. ಇದು ಐದು ನಿಮಿಷ. ಸದ್ಯಕ್ಕೆ ಇಷ್ಟು ಸಾಕು.

ನೋವು ಮೂರು ತಿಂಗಳು ದಾಟಿದರೆ ಅದನ್ನು ದೀರ್ಘಕಾಲದ ನೋವು ಅನ್ನುತ್ತೇವೆ. ಗಾಯ ಇದ್ದರೂ ಇಲ್ಲದಿದ್ದರೂ ನರಗಳು ಜಾಸ್ತಿ ಎಚ್ಚರವಾಗಿಬಿಡುತ್ತವೆ. ಚಿರತೆ ಒಮ್ಮೆ ಅಂಗಳಕ್ಕೆ ಬಂದು ಹೋದ ಮೇಲೆ ಮನೆಯ ನಾಯಿ ತರಗೆಲೆ ಬಿದ್ದರೂ ಬೊಗಳುತ್ತದೆ, ಅಲ್ವಾ? ನಾಯಿ ಸುಳ್ಳು ಹೇಳುತ್ತಿಲ್ಲ. ನಿಮ್ಮ ನೋವೂ ಸುಳ್ಳಲ್ಲ. ನಾಯಿ ಸಮಾಧಾನ ಆಗುವಷ್ಟು ನಿಧಾನವಾಗಿ ಓಡಾಡಬೇಕು. ಮೂಲೆಯಲ್ಲಿ ಕೂತರೂ ಆಗದು, ಅಂಗಳದಲ್ಲಿ ಓಡಿದರೂ ಆಗದು. ಆದ್ದರಿಂದ ಒಂದು ತಿಂಗಳು ಪೂರ್ತಿ ಮಲಗುವುದು ಬೇಡ. ಸ್ನಾಯು ಇನ್ನೂ ಸೊರಗುತ್ತದೆ.

ಒಂದು ಪ್ರಶ್ನೆ. ಸುಸ್ತು ಕೆಲಸ ಮಾಡುವಾಗಲೇ ಬರುತ್ತದೋ, ಮರುದಿನವೋ? ತಲೆ ಮಂಕಾಗುವುದು, ಗಂಟಲು ನೋವು, ಜ್ವರ ಬಂದ ಹಾಗಾಗುವುದು ಇದೆಯೇ?

ಕಾಫಿಹೂವು, ಬಣಕಲ್

ಡಾಕ್ಟ್ರೇ, ನಾಯಿಯ ಮಾತು ಓದಿ ಕಣ್ಣು ತುಂಬಿತು. ಐದು ವರ್ಷದಲ್ಲಿ ನೋವು ಸುಳ್ಳಲ್ಲ ಅಂದವರು ಕಡಿಮೆ. ಸುಸ್ತು ಅದೇ ಸಂಜೆಯೇ ಬರುತ್ತದೆ. ಜ್ವರ, ಗಂಟಲು ನೋವು ಇಲ್ಲ. ಮಲಗಿದರೆ ಎರಡನೇ ದಿನಕ್ಕೆ ಸ್ವಲ್ಪ ಇಳಿಯುತ್ತದೆ.

ರತ್ನಗಿರಿ ವಾಕಿಂಗ್, ಚಿಕ್ಕಮಗಳೂರು

ನಾಲ್ಕು ನಿಮಿಷ ಏನು ಸಾಲುತ್ತದೆ? ನನಗೆ ಆರು ವರ್ಷ ಸೊಂಟ ನೋವಿತ್ತು. ರತ್ನಗಿರಿ ಬೋರೆಯಲ್ಲಿ ದಿನಾ ನಡೆಯಲು ಶುರು ಮಾಡಿದೆ. ಮೊದಲ ವಾರ ಪ್ರಾಣ ಹೋಗುವಷ್ಟು ನೋವು. ಬಿಡಲಿಲ್ಲ. ಈಗ ಮುಕ್ಕಾಲು ಗಂಟೆ ನಡೆಯುತ್ತೇನೆ, ಮಾತ್ರೆ ಇಲ್ಲ. ಮನಸ್ಸು ಗಟ್ಟಿ ಮಾಡಬೇಕು. ಇದು ನನ್ನೊಬ್ಬನ ಮಾತಲ್ಲ. ಬ್ರಿಟನ್ನಿನಲ್ಲಿ ಚಿಕಿತ್ಸೆಗೆ ನಿಯಮ ಬರೆಯುವ ನೈಸ್ ಅನ್ನುವ ಸಂಸ್ಥೆ 2021ರ ಏಪ್ರಿಲ್‌ನಲ್ಲಿ ಹೇಳಿದೆ. ಬೇರೆ ಕಾರಣ ಕಾಣದ ದೀರ್ಘ ನೋವಿಗೆ ಪ್ಯಾರಾಸಿಟಮಾಲ್, ಬ್ರೂಫೆನ್ ತರಹದ ಮಾತ್ರೆ ಹೊಸದಾಗಿ ಶುರು ಮಾಡಬೇಡಿ, ವ್ಯಾಯಾಮ ಮಾಡಿಸಿ ಅಂತ.

ಅರಕಲಗೂಡು ಟೀಚರ್

ಸರ್, ದಯವಿಟ್ಟು ಎಲ್ಲರಿಗೂ ಇದೇ ಹೇಳಬೇಡಿ. ನನಗೆ 2021ರಲ್ಲಿ ಕೋವಿಡ್ ಬಂತು. ಜ್ವರ ಹೋಯಿತು, ಸುಸ್ತು ಹೋಗಲಿಲ್ಲ. ಎಲ್ಲರೂ ಹೇಳಿದರು, ನಡೆಯಿರಿ, ದಿನಾ ಜಾಸ್ತಿ ಮಾಡಿ ಅಂತ. ನಾನೂ ಹಟ ಹಿಡಿದು ಹದಿನೈದು ನಿಮಿಷದಿಂದ ನಲವತ್ತಕ್ಕೆ ಏರಿಸಿದೆ. ನಡೆದ ದಿನ ಏನೂ ಆಗುತ್ತಿರಲಿಲ್ಲ. ಮರುದಿನ ಸಂಜೆ ಬೀಳುತ್ತಿದ್ದೆ. ಬೋರ್ಡಿನ ಮೇಲೆ ಬರೆಯುತ್ತಾ ಇದ್ದ ಮಗ್ಗಿ ಅರ್ಧಕ್ಕೆ ಮರೆತುಹೋಗಿತ್ತು. ಮಕ್ಕಳೇ ಮುಂದಿನದು ಹೇಳಿಕೊಟ್ಟರು. ಎರಡು ತಿಂಗಳು ರಜೆ ಹಾಕಬೇಕಾಯಿತು.

ಅದೇ ನೈಸ್ ಸಂಸ್ಥೆ, ಅದೇ 2021ರ ಅಕ್ಟೋಬರಿನಲ್ಲಿ ಇನ್ನೊಂದು ನಿಯಮ ತಂದಿದೆ. ಎಂಇ, ಸಿಎಫ್‌ಎಸ್ ಅನ್ನುವ ದೀರ್ಘ ಸುಸ್ತಿನ ಕಾಯಿಲೆ ಇರುವವರಿಗೆ ದಿನಾ ಇಷ್ಟಿಷ್ಟು ಏರಿಸುತ್ತಾ ಹೋಗುವ ವ್ಯಾಯಾಮ ಕೊಡಬೇಡಿ ಎಂದಿದೆ. ಏಪ್ರಿಲ್‌ನ ಮಾತು ಹಿಡಿದುಕೊಂಡು ಅಕ್ಟೋಬರಿನದನ್ನು ಬಿಡಬೇಡಿ.

ರತ್ನಗಿರಿ ವಾಕಿಂಗ್, ಚಿಕ್ಕಮಗಳೂರು

ಒಂದೇ ಸಂಸ್ಥೆ ಎರಡು ಮಾತು ಹೇಳಿದರೆ ಜನ ಯಾವುದನ್ನು ನಂಬಬೇಕು?

ಹಾಸನ ಫಿಸಿಯೋ

ಎರಡೂ ಸರಿ ಸರ್. ಎರಡು ಬೇರೆ ಕಾಯಿಲೆ. ಅದಕ್ಕೇ ನಾನು ಮೊದಲೇ ಆ ಪ್ರಶ್ನೆ ಕೇಳಿದ್ದು. ಟೀಚರ್ ಅವರದ್ದು ತಡವಾಗಿ ಬರುವ ಕುಸಿತ. ಶ್ರಮ ಆದ 12ರಿಂದ 48 ಗಂಟೆಯ ಮೇಲೆ ಬರುತ್ತದೆ, ದಿನಗಟ್ಟಲೆ ಇರುತ್ತದೆ. ಕೆಲವರಿಗೆ ಮಾತನಾಡಿದ್ದು, ಓದಿದ್ದೂ ಶ್ರಮವೇ. ಅಂಥವರಿಗೆ ಮೊದಲು ಶಕ್ತಿ ಉಳಿಸುವ ಲೆಕ್ಕ, ಆಮೇಲೆ ವ್ಯಾಯಾಮದ ಮಾತು. ಬಣಕಲ್ ಮೇಡಂ ಹೇಳಿದ್ದು ಫೈಬ್ರೋಮಯಾಲ್ಜಿಯಾಕ್ಕೆ ಹೊಂದುತ್ತದೆ. ಅದರಲ್ಲಿ ವ್ಯಾಯಾಮದಿಂದ ಗುಣ ಕಾಣುತ್ತದೆ. ಯುರೋಪಿನ ಸಂಧಿವಾತ ತಜ್ಞರ ಸಂಘ ಈ ಕಾಯಿಲೆಯ ಚಿಕಿತ್ಸೆಗಳನ್ನೆಲ್ಲ ತೂಗಿ ನೋಡಿ, ಗಟ್ಟಿಯಾಗಿ ಶಿಫಾರಸು ಮಾಡಿದ್ದು ವ್ಯಾಯಾಮ ಒಂದನ್ನೇ. ಆದರೆ ಕೆಲವರಿಗೆ ಎರಡೂ ಒಟ್ಟಿಗೆ ಇರುತ್ತವೆ. ಆದ್ದರಿಂದ ಶುರು ಯಾವಾಗಲೂ ಸಣ್ಣದಾಗಿರಲಿ. ಮರುದಿನ, ಅದರ ಮರುದಿನ ಹೇಗಿತ್ತು ಅಂತ ನೋಡಿಕೊಂಡೇ ಮುಂದಿನ ಹೆಜ್ಜೆ.

ನಿಮ್ಮ ಸೊಂಟ ಗುಣವಾದದ್ದು ನಿಜ, ನನಗೂ ಸಂತೋಷ. ಸೊಂಟ ನೋವಿಗೆ ನಡಿಗೆ ಒಳ್ಳೆಯದು. ಆದರೆ ನಿಮಗೆ ಮುಕ್ಕಾಲು ಗಂಟೆ ಔಷಧಿ ಆದದ್ದು ಟೀಚರ್‌ಗೆ ಪೆಟ್ಟಾಯಿತು.

ರತ್ನಗಿರಿ ವಾಕಿಂಗ್, ಚಿಕ್ಕಮಗಳೂರು

ಟೀಚರ್, ಮಗ್ಗಿ ಮರೆತ ಮಾತು ಮನಸ್ಸಿಗೆ ನಾಟಿತು. ನನ್ನ ತಂಗಿಗೂ ಹೀಗೇ ಆಗುತ್ತದೆ. ಎರಡು ವರ್ಷದಿಂದ ನಾನು ಅವಳನ್ನು ಬೆಳಿಗ್ಗೆ ಎಬ್ಬಿಸಿ ಬಲವಂತದಿಂದ ನಡೆಸುತ್ತಿದ್ದೆ. ಇವತ್ತು ಅವಳ ಹತ್ತಿರ ಕೂತು ಕೇಳುತ್ತೇನೆ.

ಅರಕಲಗೂಡು ಟೀಚರ್

ಖಂಡಿತ ಕೇಳಿ ಸರ್. ಹಿಂದಿನ ದಿನ ಏನು ಮಾಡಿದಳು ಅಂತಲೂ ಕೇಳಿ. ಎರಡು ದಿನ ಹಿಂದಿನದನ್ನೂ ಕೇಳಿ.

ಬೇಲೂರು ಲ್ಯಾಬ್

ನಾನು ಲ್ಯಾಬಿನಲ್ಲಿ ಕೆಲಸ ಮಾಡುವವನು, ಡಾಕ್ಟರ್ ಅಲ್ಲ. ಮೈಕೈ ನೋವು, ಸುಸ್ತು ಅಂದ ಕೂಡಲೇ ವ್ಯಾಯಾಮಕ್ಕೆ ಹಾರಬೇಡಿ. ಮೊದಲು ರಕ್ತ ಪರೀಕ್ಷೆ ಆಗಲಿ. ಹಿಮೋಗ್ಲೋಬಿನ್, ಥೈರಾಯ್ಡ್, ಸಕ್ಕರೆ, ಬಿ12, ವಿಟಮಿನ್ ಡಿ. ಹೆಂಗಸರಿಗೆ ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. ನಮ್ಮ ಬೀದಿಯ ಒಬ್ಬರು ಎರಡು ವರ್ಷ ನರದ ವೀಕ್ನೆಸ್ ಅಂತ ಇಂಜೆಕ್ಷನ್ ತೆಗೆದುಕೊಂಡರು. ನೋಡಿದರೆ ಹಿಮೋಗ್ಲೋಬಿನ್ 7.8 ಇತ್ತು. ಮುಟ್ಟಿನಲ್ಲಿ ಜಾಸ್ತಿ ರಕ್ತ ಹೋಗುತ್ತಿದ್ದುದನ್ನು ಯಾರ ಹತ್ತಿರವೂ ಹೇಳಿರಲಿಲ್ಲ. ಅದಕ್ಕೆ ಚಿಕಿತ್ಸೆ ಆದ ಮೇಲೆ ಮೂರು ತಿಂಗಳಲ್ಲಿ ಮೆಟ್ಟಿಲು ಹತ್ತಿದರು.

ಕಾಫಿಹೂವು, ಬಣಕಲ್

ನನ್ನದು ಎಲ್ಲಾ ಆಗಿದೆ ಅಣ್ಣ. ವಿಟಮಿನ್ ಡಿ ಕಡಿಮೆ ಇತ್ತು, ಮಾತ್ರೆ ಮುಗಿಸಿದೆ. ಬೇರೆಲ್ಲ ಸರಿ ಇದೆ.

ಕೊಪ್ಪದವಳು

ಮಳೆಗಾಲದಲ್ಲಿ ಬಿಸಿಲೇ ಕಾಣದ ಊರು ನಮ್ಮದು. ವಿಟಮಿನ್ ಡಿ ಎಲ್ಲಿಂದ ಬರಬೇಕು! ನಮ್ಮಲ್ಲಿ ಮೈಕೈ ನೋವಿಗೆ ಹಂಡೆ ನೀರಿಗೆ ಲಕ್ಕಿ ಸೊಪ್ಪು ಹಾಕಿ ಕುದಿಸಿ ಸ್ನಾನ. ಆ ವಾಸನೆಗೇ ಅರ್ಧ ನೋವು ಹೋಗುತ್ತದೆ.

ಶೃಂಗೇರಿ ಮನೆ

ಲಕ್ಕಿ ಸೊಪ್ಪನ್ನು ಬಾಣಲೆಯಲ್ಲಿ ಬಾಡಿಸಿ, ಬಟ್ಟೆಯಲ್ಲಿ ಗಂಟು ಕಟ್ಟಿ ಶಾಖ ಕೊಟ್ಟರೆ ಇನ್ನೂ ಒಳ್ಳೆಯದು. ನಮ್ಮ ದೊಡ್ಡಮ್ಮ ಬಾಣಂತಿಯರಿಗೂ ಹಾಗೇ ಮಾಡುತ್ತಿದ್ದರು.

ಕೊಪ್ಪದವಳು

ಈಗ ಗ್ಯಾಸ್ ಗೀಸರ್ ಬಂದ ಮೇಲೆ ಹಂಡೆ ಒಲೆಯ ಮುಂದೆ ಕೂತು ಮೈ ಕಾಯಿಸುವುದೇ ತಪ್ಪಿಹೋಯಿತು. ಆ ಬೆಂಕಿಯ ಮುಂದೆ ಹತ್ತು ನಿಮಿಷ ಕೂತರೆ ಬೆನ್ನು ಬಿಚ್ಚಿಕೊಳ್ಳುತ್ತಿತ್ತು.

ಹಾಸನ ಫಿಸಿಯೋ

ಶಾಖ ಒಳ್ಳೆಯದೇ. ಕ್ಲಿನಿಕ್ಕಿನಲ್ಲಿ ನಾವು ಕೊಡುವುದೂ ಅದನ್ನೇ. ಹದಿನೈದು ನಿಮಿಷ ಸಾಕು. ಶಾಖ ತೆಗೆದುಕೊಂಡು ಸ್ನಾಯು ಸಡಿಲ ಆದಾಗ ವ್ಯಾಯಾಮ ಮಾಡಿದರೆ ಸುಲಭ. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರು ಮಾತ್ರ ಕಾಲಿಗೆ ಶಾಖ ಬೇಡ. ಸುಟ್ಟರೂ ಗೊತ್ತಾಗುವುದಿಲ್ಲ, ಹುಣ್ಣಾಗುತ್ತದೆ.

ಕಡೂರಿನವ

ಶಾಖ, ಎಣ್ಣೆ ಪರವಾಗಿಲ್ಲ. ಹೆಸರಿಲ್ಲದ ಪುಡಿ ಮಾತ್ರ ತೆಗೆದುಕೊಳ್ಳಬೇಡಿ. 2006ರಲ್ಲಿ ಕರ್ನಾಟಕದ ತುಂಬಾ ಚಿಕುನ್‌ಗುನ್ಯಾ ಬಂದಿತ್ತಲ್ಲ, ಆಗ ನಮ್ಮ ಅಪ್ಪನಿಗೂ ಬಂತು. ಜ್ವರ ವಾರದಲ್ಲಿ ಹೋಯಿತು. ಮಣಿಕಟ್ಟು, ಕಾಲಿನ ಗಿಣ್ಣು ವರ್ಷ ಕಳೆದರೂ ಬಿಡಲಿಲ್ಲ. ಬೆಳಿಗ್ಗೆ ಲೋಟ ಹಿಡಿಯಲು ಆಗುತ್ತಿರಲಿಲ್ಲ. ಯಾರೋ ಹೇಳಿದರು ಅಂತ ಒಬ್ಬರ ಹತ್ತಿರ ಬಿಳಿ ಪುಡಿ ತಂದರು. ಎರಡೇ ದಿನಕ್ಕೆ ಅಪ್ಪ ಎದ್ದು ಹೊಲಕ್ಕೆ ಹೋದರು! ನಾವು ದೇವರೇ ಬಂದ ಅಂದುಕೊಂಡೆವು. ಆರು ತಿಂಗಳಲ್ಲಿ ಮುಖ ಊದಿತು, ಸಕ್ಕರೆ 380 ಆಯಿತು. ಡಾಕ್ಟರು ಪೊಟ್ಟಣ ನೋಡಿ, ಅದರಲ್ಲಿ ಸ್ಟೀರಾಯ್ಡ್ ಸೇರಿಸಿರಬೇಕು ಎಂದರು. ಅಪ್ಪ ಈಗಲೂ ಇನ್ಸುಲಿನ್ ಚುಚ್ಚಿಕೊಳ್ಳುತ್ತಾರೆ.

ಹಾಸನ ಫಿಸಿಯೋ

ಇದನ್ನು ಎಲ್ಲರೂ ಓದಿ. ಈಗಾಗಲೇ ಅಂಥ ಪುಡಿ ತೆಗೆದುಕೊಳ್ಳುತ್ತಿದ್ದರೆ ಒಂದೇ ದಿನಕ್ಕೆ ನಿಲ್ಲಿಸಬೇಡಿ. ಸ್ಟೀರಾಯ್ಡ್ ಆಗಿದ್ದರೆ ಥಟ್ಟನೆ ನಿಲ್ಲಿಸುವುದೂ ಅಪಾಯ. ಪೊಟ್ಟಣವನ್ನೇ ತೆಗೆದುಕೊಂಡು ಡಾಕ್ಟರ ಹತ್ತಿರ ಹೋಗಿ.

ಅರಸೀಕೆರೆ ಡ್ರೈವರ್

ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತಿ ಆದವನು ನಾನು. ಸೊಂಟದ ಎಂಆರ್‌ಐ ಮಾಡಿಸಿದಾಗ ಡಿಸ್ಕ್, ಅಂದರೆ ಬೆನ್ನುಮೂಳೆಗಳ ನಡುವಿನ ಮೆತ್ತೆ, ಉಬ್ಬಿದೆ ಅಂತ ಬಂತು. ಆವತ್ತಿನಿಂದ ಬಗ್ಗಲು ಹೆದರಿಕೆ. ಚಪ್ಪಲಿ ಕೂಡ ಮೊಮ್ಮಗಳೇ ಹಾಕಿಕೊಡುತ್ತಿದ್ದಳು. ಮಗ ನೋವಿಗೆ ಸಣ್ಣಗೆ ಕರೆಂಟ್ ಕೊಡುವ ಒಂದು ಟೆನ್ಸ್ ಮೆಷಿನ್ ತಂದುಕೊಟ್ಟ. ನಾಲ್ಕು ಪ್ಯಾಡ್ ಅಂಟಿಸಿದರೆ ಜುಮ್ ಜುಮ್ ಅನ್ನುತ್ತದೆ. ಹಾಕಿಕೊಂಡಾಗ ನೋವು ಕಡಿಮೆ, ತೆಗೆದ ಮೇಲೆ ಒಂದು ಗಂಟೆಯೊಳಗೆ ಮತ್ತೆ ಬರುತ್ತದೆ. ದಿನಾ ಹಾಕಬಹುದೇ?

ಹಾಸನ ಫಿಸಿಯೋ

ಹಾಕಬಹುದು ಯಜಮಾನರೇ. ಪೇಸ್‌ಮೇಕರ್ ಇದ್ದರೆ ಬೇಡ, ಕುತ್ತಿಗೆಯ ಮುಂಭಾಗಕ್ಕೆ ಬೇಡ. ಪೆಟ್ಟಾದ ಕೂಡಲೇ ನಾವು ಆ ಜಾಗ ಉಜ್ಜಿಕೊಳ್ಳುತ್ತೇವಲ್ಲ, ಇದೂ ಹಾಗೇ. ಉಜ್ಜಿದ ಸ್ಪರ್ಶ ಬೆನ್ನುಹುರಿಯಲ್ಲಿ ನೋವಿನ ದಾರಿಗೆ ಅಡ್ಡ ಬರುತ್ತದೆ. 1965ರಲ್ಲಿ ಮೆಲ್ಜಾಕ್ ಮತ್ತು ವಾಲ್ ಎಂಬ ಇಬ್ಬರು ಇದನ್ನು ಒಂದು ಬಾಗಿಲು ಮುಚ್ಚಿದ ಹಾಗೆ ಅಂತ ವಿವರಿಸಿದರು. ಮೆಷಿನ್ ತೆಗೆದರೆ ಬಾಗಿಲು ಮತ್ತೆ ತೆರೆಯುತ್ತದೆ. ಆದ್ದರಿಂದ ಆ ಒಂದು ಗಂಟೆಯನ್ನು ಸುಮ್ನೆ ಕಳೆಯಬೇಡಿ. ಆಗಲೇ ನಡೆಯಿರಿ, ವ್ಯಾಯಾಮ ಮಾಡಿ.

ಡಿಸ್ಕ್ ಬಗ್ಗೆ ಹೆದರಿಕೆ ಬಿಡಿ. ಸ್ವಲ್ಪವೂ ಸೊಂಟ ನೋವಿಲ್ಲದವರ ಸ್ಕ್ಯಾನ್‌ಗಳನ್ನು ಒಟ್ಟು ಹಾಕಿ ನೋಡಿದ ಒಂದು ಅಧ್ಯಯನ 2015ರಲ್ಲಿ ಬಂದಿದೆ. 50 ವರ್ಷದವರಲ್ಲಿ ನೂರಕ್ಕೆ 60 ಜನರಿಗೆ ಡಿಸ್ಕ್ ಉಬ್ಬಿತ್ತು. ತಲೆ ನೆರೆತ ಹಾಗೆ ಅದೂ ವಯಸ್ಸಿನ ಜೊತೆ ಬರುತ್ತದೆ. ಆದರೆ ಮೂತ್ರ ಮಲದ ಹಿಡಿತ ತಪ್ಪುವುದು, ತೊಡೆಯ ಸಂದಿಯಲ್ಲಿ ಜೋಮು, ಕಾಲಿಗೆ ಬಲ ಇಲ್ಲದಾಗುವುದು, ಇವು ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ನೋವಿನ ಜೊತೆ ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು ಇದ್ದರೂ ತೋರಿಸಲೇಬೇಕು.

ಅರಸೀಕೆರೆ ಡ್ರೈವರ್

ನೂರಕ್ಕೆ 60! ಇದನ್ನು ಎಂಟು ವರ್ಷದ ಹಿಂದೆ ಯಾರಾದರೂ ಹೇಳಿದ್ದರೆ ನಾನು ಮೊಮ್ಮಗಳನ್ನು ಎತ್ತಿಕೊಳ್ಳುತ್ತಿದ್ದೆ. ಈಗ ಅವಳು ಮೂರನೇ ಕ್ಲಾಸು.

ಚನ್ನರಾಯಪಟ್ಟಣ ಅಮ್ಮ

ನನ್ನದು ಬೇರೆ ಕಾಯಿಲೆ, ರುಮಟಾಯ್ಡ್ ಸಂಧಿವಾತ. ಬೆಳಿಗ್ಗೆ ಒಂದು ಗಂಟೆ ಬೆರಳು ಮಡಚಲು ಬರುವುದಿಲ್ಲ, ಗಿಣ್ಣು ಊದಿರುತ್ತದೆ. ಇದಕ್ಕೆ ಮಾತ್ರೆ ಬಿಡುವ ಹಾಗಿಲ್ಲ. ವ್ಯಾಯಾಮ ಮಾತ್ರೆಯ ಜೊತೆಗೆ, ಮಾತ್ರೆಯ ಬದಲಿಗಲ್ಲ. ಊತ ಇರುವವರು ಮೊದಲು ಕೀಲಿನ ಡಾಕ್ಟರಿಗೆ ತೋರಿಸಿ. ತಡ ಮಾಡಿದರೆ ಬೆರಳು ಸೊಟ್ಟಗಾಗುತ್ತದೆ, ನನ್ನ ಎಡಗೈ ಹಾಗೇ ಆಗಿದೆ.

ನಾನು ಬರೆಯಬೇಕು ಅಂದುಕೊಂಡದ್ದು ಅಡುಗೆಮನೆಯ ಬಗ್ಗೆ. ಫಿಸಿಯೋ ಮೇಡಂ ನಮ್ಮ ಮನೆಗೆ ಬಂದಾಗ ವ್ಯಾಯಾಮ ಹೇಳಿಕೊಡುವ ಮೊದಲು ಅಡುಗೆಮನೆಯಲ್ಲಿ ನಿಂತು ನಾನು ಮುದ್ದೆ ಮಾಡುವುದನ್ನು ನೋಡಿದರು. ಗ್ಯಾಸ್ ಒಲೆ ಎತ್ತರದಲ್ಲಿತ್ತು. ಹಿಟ್ಟು ತಿರುವುವಾಗ ನಾನು ತುದಿಗಾಲಿನಲ್ಲಿ ನಿಂತು, ಎರಡೂ ಭುಜ ಕಿವಿಗೆ ತಾಗುವ ಹಾಗೆ ಎತ್ತಿ ಒತ್ತುತ್ತಿದ್ದೆ. ಅವರು ಪಾತ್ರೆಯನ್ನು ಕೆಳಗಿಳಿಸಿ ಗಿಡ್ಡ ಬೆಂಚಿನ ಮೇಲೆ ಇಡಿಸಿದರು. ಕೋಲಿಗೆ ಹಳೆ ಬಟ್ಟೆ ಸುತ್ತಿ ಹಿಡಿ ದಪ್ಪ ಮಾಡಿದರು. ಈಗ ತಿರುವುವುದು ಮಗ, ಮುದ್ದೆ ಕಟ್ಟುವುದು ನಾನು. ಬಟ್ಟೆ ಹಿಂಡುವ ಬದಲು ನಲ್ಲಿಗೆ ಸುತ್ತಿ ತಿರುಚುತ್ತೇನೆ. ತರಕಾರಿ ಕೂತು ಹೆಚ್ಚುತ್ತೇನೆ. ಇದರಲ್ಲಿ ಯಾವುದೂ ವ್ಯಾಯಾಮ ಅಲ್ಲ. ಆದರೆ ಸಂಜೆಗೆ ಉಳಿಯುವ ಶಕ್ತಿ ಇದರಿಂದಲೇ.

ಕಾಫಿಹೂವು, ಬಣಕಲ್

ಅಮ್ಮಾ, ಇದನ್ನು ಎರಡು ಸಲ ಓದಿದೆ. ನಾನು ರೊಟ್ಟಿ ತಟ್ಟುವಾಗ ಬಗ್ಗಿ ನಿಲ್ಲುತ್ತೇನೆ. ಹನ್ನೆರಡು ರೊಟ್ಟಿ ಆಗುವವರೆಗೆ ಹಾಗೇ.

ಚನ್ನರಾಯಪಟ್ಟಣ ಅಮ್ಮ

ಒಂದು ಕಾಲನ್ನು ಸಣ್ಣ ಮಣೆಯ ಮೇಲಿಟ್ಟು ನಿಲ್ಲು ಮಗಳೇ. ನಾಲ್ಕು ರೊಟ್ಟಿಗೊಮ್ಮೆ ಕಾಲು ಬದಲಿಸು. ಅವತ್ತೇ ಗೊತ್ತಾಗುತ್ತದೆ.

ಆಲೂರು ಹುಡುಗ

ಮನೆಗೆ ಬರುವ ಫಿಸಿಯೋ ಎಷ್ಟು ತೆಗೆದುಕೊಳ್ಳುತ್ತಾರೆ? ನಮ್ಮ ಅಮ್ಮನಿಗೆ ಫ್ರೋಜನ್ ಶೋಲ್ಡರ್, ಭುಜ ಬಿಗಿದು ಕೈ ಎತ್ತಲಾಗುವುದಿಲ್ಲ. ಯಾರೋ ಒಬ್ಬರು ಬಂದು ಕೈಯನ್ನು ಜೋರಾಗಿ ಮೇಲಕ್ಕೆ ತಳ್ಳಿ ಹೋದರು. ಅಮ್ಮ ರಾತ್ರಿಯಿಡೀ ಅತ್ತರು.

ಕಳಸದ ತಂಗಿ

ಹಾಸನ ಟೌನಿನಲ್ಲಿ ನಮ್ಮ ಚಿಕ್ಕಪ್ಪನಿಗೆ ಒಂದು ಸಲಕ್ಕೆ 600 ತೆಗೆದುಕೊಂಡರು. ನಮ್ಮ ಕಡೆಗೆ ಯಾರೂ ಬರುವುದೇ ಇಲ್ಲ.

ಹಾಸನ ಫಿಸಿಯೋ

ತಮ್ಮಾ, ಬಂದವರು ಬಿಪಿಟಿ ಓದಿದ್ದಾರಾ ಅಂತ ಮೊದಲು ಕೇಳಿ. ಅದು ಫಿಸಿಯೋಥೆರಪಿಯ ಡಿಗ್ರಿ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದಲ್ಲಿ ನಾವು ಇಂಟರ್ನ್‌ಶಿಪ್ ಸೇರಿ ನಾಲ್ಕೂವರೆ ವರ್ಷ ಓದಿದವರು. ಕೇಳಿದರೆ ನಮಗೆ ಬೇಜಾರಿಲ್ಲ. ಮಸಾಜ್ ಮಾಡುವವರು, ಮೆಷಿನ್ ಮಾರುವವರು ಎಲ್ಲರೂ ಈಗ ಥೆರಪಿಸ್ಟ್ ಅಂತ ಹಾಕಿಕೊಳ್ಳುತ್ತಾರೆ.

ಅಮ್ಮನಿಗೆ ಸಕ್ಕರೆ ಇದೆಯಾ ನೋಡಿಸಿ. ಸಕ್ಕರೆ ಇರುವವರಿಗೆ ಈ ಭುಜದ ತೊಂದರೆ ಜಾಸ್ತಿ. ನೋವು ಜೋರಾಗಿರುವಾಗ ತಳ್ಳಬಾರದು. ಮೇಜಿಗೆ ಒಳ್ಳೆಯ ಕೈ ಊರಿ ಮುಂದಕ್ಕೆ ಬಗ್ಗಲಿ, ನೋಯುವ ಕೈಯನ್ನು ತೊಟ್ಟಿಲ ಹಾಗೆ ಇಳಿಬಿಟ್ಟು ಮೆಲ್ಲಗೆ ತೂಗಲಿ. ಎರಡು ನಿಮಿಷ, ದಿನಕ್ಕೆ ಮೂರು ಸಲ. ಇದು ಸರಿಹೋಗಲು ತಿಂಗಳುಗಳು ಬೇಕು, ಕೆಲವರಿಗೆ ವರ್ಷ ದಾಟುತ್ತದೆ. ಒಂದು ವಾರದಲ್ಲಿ ಬಿಡಿಸಿಕೊಡುತ್ತೇನೆ ಅನ್ನುವವರನ್ನು ಮನೆಗೆ ಕರೆಯಬೇಡಿ.

ದೂರದ ಊರಿನವರು ದಿನಾ ಫಿಸಿಯೋ ಬೇಕು ಅಂದುಕೊಳ್ಳಬೇಡಿ. ಒಂದು ಸಲ ಮುಖಾಮುಖಿ ತೋರಿಸಿ, ಆಮೇಲೆ ಹದಿನೈದು ದಿನಕ್ಕೊಮ್ಮೆ ವಿಡಿಯೋ ಕಾಲಿನಲ್ಲಿ ಮಾಡಿ ತೋರಿಸಿದರೂ ನಡೆಯುತ್ತದೆ. ಕೆಲಸ ಆಗುವುದು ಉಳಿದ ಹದಿನಾಲ್ಕು ದಿನ ನೀವು ಮಾಡುವುದರಿಂದ.

ಹೊಳೆನರಸೀಪುರ

ಹಾಸನಾಂಬ ಬಾಗಿಲು ತೆಗೆಯುವ ದಿನ ಹತ್ತಿರ ಬಂತು. ನನಗೂ ಮಂಡಿ, ಸೊಂಟ. ಸಾಲಿನಲ್ಲಿ ಗಂಟೆಗಟ್ಟಲೆ ನಿಲ್ಲಬೇಕು. ಹೋಗಲೋ ಬೇಡವೋ ಅಂತ ಮೂರು ವರ್ಷದಿಂದ ಬಿಟ್ಟಿದ್ದೇನೆ.

ಹಾಸನ ಫಿಸಿಯೋ

ಹೋಗಿ ಬನ್ನಿ. ಮಡಚುವ ಸಣ್ಣ ಸ್ಟೂಲ್ ತೆಗೆದುಕೊಳ್ಳಿ. ಕಾಲು ಸೋಲುವವರೆಗೆ ಕಾಯಬೇಡಿ, ಹತ್ತು ನಿಮಿಷಕ್ಕೊಮ್ಮೆ ಕೂತುಬಿಡಿ. ನಿಂತಾಗ ಹಿಮ್ಮಡಿ ಎತ್ತಿ ಇಳಿಸುತ್ತಾ ಇರಿ. ಹಿಂದಿನ ದಿನ, ಮುಂದಿನ ದಿನ ಬೇರೆ ಕೆಲಸ ಇಟ್ಟುಕೊಳ್ಳಬೇಡಿ.

ಹೊಳೆನರಸೀಪುರ

ಸ್ಟೂಲ್ ತೆಗೆದುಕೊಂಡು ಹೋಗುವುದು ನಾಚಿಕೆ ಅನ್ನಿಸುತ್ತಿತ್ತು. ಈ ಸಲ ಹೋಗುತ್ತೇನೆ.

ಕಳಸದ ತಂಗಿ

ಯಾರೂ ಹೇಳದ ಒಂದು ಮಾತು. ನಿದ್ದೆ ಮತ್ತು ಮನಸ್ಸು. ನೋವಿನಿಂದ ನಿದ್ದೆ ಇಲ್ಲ, ನಿದ್ದೆ ಇಲ್ಲದೆ ನೋವು ಜಾಸ್ತಿ. ಹೋದ ವರ್ಷ ನನಗೆ ಬದುಕೇ ಬೇಡ ಅನ್ನಿಸಿತ್ತು. 14416ಕ್ಕೆ ಫೋನ್ ಮಾಡಿದೆ. ಟೆಲಿ ಮಾನಸ್ ಅಂತ, ಸರ್ಕಾರದ್ದು, ದುಡ್ಡಿಲ್ಲ. ಕನ್ನಡದಲ್ಲೇ ಮಾತನಾಡಿದರು. ಅರ್ಧ ಗಂಟೆ ಕೇಳಿಸಿಕೊಂಡರು. ಇಲ್ಲಿ ಓದುವವರಲ್ಲಿ ಯಾರಿಗಾದರೂ ಬೇಕಾಗಬಹುದು ಅಂತ ಬರೆದೆ.

ಕುಯ್ಲಿನವಳು, ಸಕಲೇಶಪುರ

ಬರೆದದ್ದು ಒಳ್ಳೆಯದಾಯಿತು ತಂಗಿ. ನಂಬರ್ ಬರೆದಿಟ್ಟುಕೊಂಡೆ.

ಕಾಫಿಹೂವು, ಬಣಕಲ್

ಐದು ವಾರ ಆಯಿತು. ಹೇಗಿದೆ ಅಂತ ಕೆಲವರು ಕೇಳಿದ್ದೀರಿ, ಅದಕ್ಕೆ ಬರೆಯುತ್ತಿದ್ದೇನೆ.

ಮೊದಲು ಮೂರು ದಿನ ಅಳೆದೆ. ಏಳು, ಐದು, ಮೂರು ನಿಮಿಷ ಬಂತು. ಹಾಗಾಗಿ ನಾಲ್ಕು. ಮನೆಯ ಜಗಲಿಯಿಂದ ಕಣದ ಆ ತುದಿಗೆ ಹೋಗಿ ಬಂದರೆ ಎರಡು ನಿಮಿಷ. ದಿನಕ್ಕೆ ಎರಡು ಸುತ್ತು. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ದಿನದ ಚೌಕದೊಳಗೆ ಪೆನ್ಸಿಲ್‌ನಲ್ಲಿ ಗೀಟು ಹಾಕುತ್ತೇನೆ. ಮೈ ಕೆಟ್ಟ ದಿನಕ್ಕೆ ಒಂದು ಚುಕ್ಕಿ.

ಮೊದಲ ವಾರ ಬಹಳ ಕಷ್ಟ ಆಯಿತು. ನೋವಿನಿಂದ ಅಲ್ಲ. ಹಗುರ ಇದ್ದ ದಿನ ನಿಲ್ಲಿಸುವುದೇ ಕಷ್ಟ. ಒಗೆಯುವ ಬಟ್ಟೆ ಕಣ್ಣೆದುರಿಗೇ ಇರುತ್ತಿತ್ತು. ಅರ್ಧ ಒಗೆದು ಅರ್ಧ ನೆನೆಯಲು ಬಿಟ್ಟು ಬಂದೆ. ಮದುವೆ ಆದಾಗಿನಿಂದ ಹಾಗೆ ಮಾಡಿದವಳಲ್ಲ. ಎರಡನೇ ವಾರದಲ್ಲಿ ಚುಕ್ಕಿ ಮೂರು. ಮೂರನೇ ವಾರ ಎರಡು. ನಾಲ್ಕನೇ ವಾರ ನೆಂಟರ ಮನೆಯ ಗೃಹಪ್ರವೇಶಕ್ಕೆ ಹೋಗಿದ್ದರಿಂದ ಮತ್ತೆ ನಾಲ್ಕು. ಈ ವಾರ ಒಂದು. ನೋವು ಹೋಗಿಲ್ಲ. ಆದರೆ ಮಲಗಿದಲ್ಲೇ ಇರುವ ದಿನ ಈ ತಿಂಗಳು ಬರೀ ಮೂರು. ಈಗ ಐದು ನಿಮಿಷ ನಡೆಯುತ್ತೇನೆ. ಕುರ್ಚಿಯಿಂದ ಏಳುವುದು ಆರು ಸಲ.

ರೊಟ್ಟಿಗೆ ಮಣೆ ಇಟ್ಟುಕೊಂಡೆ ಅಮ್ಮಾ. ನೀವು ಹೇಳಿದ್ದು ಸರಿ.

ಅತ್ತೆಗೆ ಆ ನಾಯಿಯ ಮಾತನ್ನು ಮನೆಯವರೇ ಓದಿ ಹೇಳಿದರು. ಅವರು ಏನೂ ಅನ್ನಲಿಲ್ಲ. ಆದರೆ ಮೊನ್ನೆ ನಾನು ಕಣದಲ್ಲಿ ನಡೆಯುತ್ತಿದ್ದೆ. ಅತ್ತೆ ಜಗಲಿಯಲ್ಲಿ ಅಕ್ಕಿ ಆರಿಸುತ್ತಾ ಕೂತಿದ್ದರು. ಅವತ್ತು ಮೈ ಹಗುರ ಇತ್ತು, ಇನ್ನೊಂದು ಸುತ್ತು ಹಾಕೋಣ ಅಂತ ತಿರುಗಿದೆ. ಮೊರದಿಂದ ಕಣ್ಣೆತ್ತದೆಯೇ ಅತ್ತೆ ಕೂಗಿದರು, "ಇವತ್ತಿನದು ಆಯಿತು, ಒಳಗೆ ಬಾ."

ಕಳಸದ ತಂಗಿ

ಅಕ್ಕಾ!

ಆಲ್ದೂರು ತೋಟ

ಓದಿ ಖುಷಿ ಆಯಿತು ಅಕ್ಕ. ತವರಿಗೆ ಹೋಗಿ ಮಲಗಿ ಅಂದಿದ್ದೆ, ಆ ಮಾತು ವಾಪಸ್ ತೆಗೆದುಕೊಂಡೆ. ಕುಯ್ಲಿಗೆ ಏನು ಮಾಡುತ್ತೀರಿ?

ಕಾಫಿಹೂವು, ಬಣಕಲ್

ಗಿಡದ ಹತ್ತಿರ ಹೋಗುವುದಿಲ್ಲ ಅಣ್ಣ, ಈ ವರ್ಷ ಇಲ್ಲ. ಬಂದ ಹಣ್ಣಿನಲ್ಲಿ ಹಸಿರು ಕಾಯಿ ಆರಿಸುವುದು ನನ್ನ ಪಾಲು. ಕೂತು ಮಾಡಬಹುದು. ಇಪ್ಪತ್ತು ನಿಮಿಷಕ್ಕೆ ಫೋನಿನಲ್ಲಿ ಅಲಾರಂ ಇಡುತ್ತೇನೆ. ಫಿಸಿಯೋ ಡಾಕ್ಟ್ರೇ, ಇಪ್ಪತ್ತು ಜಾಸ್ತಿ ಆಗುತ್ತದಾ?

ಹಾಸನ ಫಿಸಿಯೋ

ಹತ್ತರಿಂದ ಶುರು ಮಾಡಿ ಮೇಡಂ. ಬುಟ್ಟಿಯನ್ನು ನೆಲದ ಮೇಲೆ ಇಡಬೇಡಿ, ಮಡಿಲಿನ ಎತ್ತರಕ್ಕೆ ಇರಲಿ. ಅಲಾರಂ ಹೊಡೆದಾಗ ಎದ್ದು ಗೋಡೆಯ ಹತ್ತಿರ ಹೋಗಿ ಕೈ ಜಾರಿಸಿ, ನಾಲ್ಕು ಸಲ. ಮೊದಲ ವಾರದ ಚುಕ್ಕಿ ಎಷ್ಟು ಅಂತ ಇಲ್ಲಿ ಬರೆಯಿರಿ, ಆಮೇಲೆ ನೋಡೋಣ.